ನೆರಳಿನ ಲೆಕ್ಕ, ಬಿಸಿಲಿನ ಮೈ

ಕೇಳುಗರಿಗೆ ನಮಸ್ಕಾರ.

ಹವಾಮಾನ ವರದಿಯಲ್ಲಿ ಇವತ್ತು 36 ಡಿಗ್ರಿ ಅಂತ ಹೇಳುತ್ತಾರೆ. ಆ ಅಂಕಿ ನೆರಳಿನದು. ಬಿಳಿ ಬಣ್ಣ ಬಳಿದ, ಗಾಳಿಯಾಡುವ ಪೆಟ್ಟಿಗೆಯೊಳಗೆ, ಸುಮಾರು ಎದೆಯೆತ್ತರದಲ್ಲಿ ಥರ್ಮಾಮೀಟರ್ ಇಟ್ಟು ಅಳೆದದ್ದು. ಗಾಳಿ ಎಷ್ಟು ಬಿಸಿಯಾಗಿದೆ ಅನ್ನುವುದಕ್ಕೆ ಅದು ಸರಿಯಾದ ಉತ್ತರವೇ. ಆದರೆ ಹೊರಗೆ ಕೆಲಸ ಮಾಡುವವರು ಆ ಪೆಟ್ಟಿಗೆಯೊಳಗೆ ಇರುವುದಿಲ್ಲ, ಅಲ್ವಾ?

ಮೈಗೆ ತಟ್ಟುವ ಬಿಸಿಗೆ ಗಾಳಿಯ ಶಾಖದ ಜೊತೆ ತೇವವೂ ಸೇರುತ್ತದೆ, ಬೀಸುವ ಗಾಳಿಯೂ ಸೇರುತ್ತದೆ. ಇನ್ನೊಂದಿದೆ, ಜಾಸ್ತಿ ಜನ ಮರೆಯುವಂಥದ್ದು: ಸೂರ್ಯನಿಂದ, ಕಾದ ಡಾಂಬರಿನಿಂದ, ಗೋಡೆಗಳಿಂದ ನೇರವಾಗಿ ಬಂದು ಮೈ ಸೇರುವ ಶಾಖ. ಇದನ್ನು ಅಳೆಯುವ ಉಪಕರಣ ತುಂಬಾ ಸರಳ. ಕಪ್ಪು ಬಣ್ಣ ಬಳಿದ, 15 ಸೆಂಟಿಮೀಟರ್ ಅಗಲದ ಟೊಳ್ಳು ತಾಮ್ರದ ಗುಂಡು. ಅದರ ನಟ್ಟನಡುವೆ ಒಂದು ಥರ್ಮಾಮೀಟರ್. ಬಿಸಿಲಿನಲ್ಲಿಟ್ಟರೆ ಪಾದರಸ ಮೇಲೇರುತ್ತದೆ. ಅಲ್ಲೇ ನಾಲ್ಕು ಹೆಜ್ಜೆ ಆಚೆ ಮರದಡಿ ಇಡಿ. ಗಾಳಿಯ ಶಾಖ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಗುಂಡಿನ ಶಾಖ ಮಾತ್ರ ಇಳಿದುಬಿಡುತ್ತದೆ. ಮರದ ನೆರಳು ತಂಪು ಅಂತ ಹೇಳುವಾಗ ನಾವು ಹೇಳುತ್ತಿರುವುದು ಇದನ್ನೇ.

ಇವೆಲ್ಲವನ್ನೂ ಕೂಡಿಸಿ ಒಂದೇ ಅಂಕಿ ಕೊಡುವ ಸೂಚ್ಯಂಕದ ಹೆಸರು ಯುಟಿಸಿಐ, ಅಂದರೆ ಯುನಿವರ್ಸಲ್ ಥರ್ಮಲ್ ಕ್ಲೈಮೇಟ್ ಇಂಡೆಕ್ಸ್. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಡೆಯುವ ಮನುಷ್ಯನನ್ನು ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಇದರ ಪ್ರಕಾರ 9ರಿಂದ 26 ಡಿಗ್ರಿಯವರೆಗೆ ಮೈಗೆ ಕಷ್ಟವಿಲ್ಲ. 32 ದಾಟಿದರೆ ಕಷ್ಟ ಜೋರಾಗುತ್ತದೆ. 46 ದಾಟಿದರೆ ವಿಪರೀತ.

ಇನ್ನು ಈ ಅಂಕಿಗಳಿಂದ ಮಾಡುವ ನಕ್ಷೆಗೆ ಬರೋಣ. ಒಂದು ಪ್ರದೇಶವನ್ನು ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೂ ಗಂಟೆಗಂಟೆಯ ಅಂಕಿ ಹಾಕುತ್ತಾರೆ. ಎಡವುವುದು ಆಮೇಲೆ, ಸರಾಸರಿ ತೆಗೆಯುವಾಗ. ಒಣ ಬಯಲಿನಲ್ಲಿ ಈ ಅಂಕಿ ಮುಂಜಾನೆ 4 ಡಿಗ್ರಿ, ಮಧ್ಯಾಹ್ನ 34 ಡಿಗ್ರಿ ಇತ್ತು ಅಂದುಕೊಳ್ಳಿ. ಎರಡರ ಸರಾಸರಿ 19. ನಕ್ಷೆಯ ಮೇಲೆ ಹಿತವಾದ ಹಸಿರು ಬಣ್ಣ! ಅಲ್ಲಿ ಬೆಳಗ್ಗೆ ನಡುಗಿದವರನ್ನೂ ಮಧ್ಯಾಹ್ನ ಬೆಂದವರನ್ನೂ ಆ ಹಸಿರು ನುಂಗಿ ಹಾಕಿದೆ. ವರ್ಷಕ್ಕೊಂದೇ ನಕ್ಷೆ ಮಾಡುವುದು ನನ್ನ ಪ್ರಕಾರ ಸುಮ್ನೆ ಕಾಗದ ದಂಡ. ಪ್ರತಿ ತಿಂಗಳಿಗೂ ಮುಂಜಾನೆಯದೊಂದು, ಮಧ್ಯಾಹ್ನದ್ದೊಂದು ಬೇಕು. ಹಿತವಾದ ಗಂಟೆಗಳು ಎಷ್ಟು ಅಂತ ಎಣಿಸಿದರೆ ಇನ್ನೂ ಒಳ್ಳೆಯದು.

ಮಳೆಗಾಲದಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಥರ್ಮಾಮೀಟರ್ ಇಳಿದಿರುತ್ತದೆ, ಸೆಖೆ ಇಳಿದಿರುವುದಿಲ್ಲ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖ ಹೋಗುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರದೆ ಸುಮ್ಮನೆ ಇಳಿದುಹೋಗುತ್ತದೆ. ಹಾಗಾಗಿ ತೇವ ಜಾಸ್ತಿ ಇರುವ ಕರಾವಳಿಯಲ್ಲಿ ರಾತ್ರಿಯೂ ಮೈಗೆ ಬಿಡುವು ಸಿಗದೆ ಹೋಗಬಹುದು. ಒಣ ಒಳನಾಡಿನಲ್ಲಿ ಮಧ್ಯಾಹ್ನ ಎಷ್ಟೇ ಉರಿದರೂ ಸಂಜೆಯ ಮೇಲೆ ಸಾಮಾನ್ಯವಾಗಿ ಮೈ ಹಗುರವಾಗುತ್ತದೆ.

ನಕ್ಷೆಯ ಚೌಕ ಹತ್ತಾರು ಕಿಲೋಮೀಟರ್ ಅಗಲವಿದ್ದರೆ ಒಂದು ಮರ, ಒಂದು ಓಣಿ ಅದರಲ್ಲಿ ಕಾಣುವುದಿಲ್ಲ. ರಸ್ತೆ ಕೆಲಸ ಎಷ್ಟು ಗಂಟೆಗೆ ಶುರುವಾಗಬೇಕು, ಶಾಲೆಯ ಆಟ ಯಾವ ಹೊತ್ತಿಗೆ ಅಂತ ತೀರ್ಮಾನಿಸಲು ಅಂಥ ನಕ್ಷೆ ಸಾಕು. ಬಸ್ ನಿಲ್ದಾಣಕ್ಕೆ ಎಲ್ಲಿ ಚಾವಣಿ ಹಾಕಬೇಕು ಅಂತ ಗೊತ್ತಾಗಬೇಕಾದರೆ ಮಾತ್ರ ಆ ಕಪ್ಪು ಗುಂಡು ಹಿಡಿದು ಬೀದಿಗಿಳಿದು ಅಳೆಯಬೇಕು.

ನಮಸ್ಕಾರ.