ಹಿಂದಿನ ಸಾಲಿಗೆ ಕಳಿಸಿದ ದನಿ: ಉಷಾ ಉತುಪ್ ಅವರ ವೇದಿಕೆಯ ಬದುಕು

ವೇದಿಕೆಯ ಮೇಲಿರುವ ಹಿರಿಯರೆ, ಕಲಬುರಗಿಯ ಸಂಗೀತಾಸಕ್ತ ಬಂಧುಗಳೆ,

ಶರಣರ ವಚನ, ಕಡಕೋಳ ಮಡಿವಾಳಪ್ಪನವರ ತತ್ವಪದ, ಬಂದೇನವಾಜರ ಉರುಸಿನ ಕವ್ವಾಲಿ ಕೇಳಿ ಬೆಳೆದ ಊರಿನಲ್ಲಿ ಪಾಪ್ ಗಾಯಕಿಯೊಬ್ಬರ ಬಗ್ಗೆ ಉಪನ್ಯಾಸವೇಕೆ ಎಂದು ಕೆಲವು ಸ್ನೇಹಿತರು ಕೇಳಿದರು. ಅದಕ್ಕೆ ಉತ್ತರವಾಗಿ ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು. ಚಿತ್ತಾಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅವ್ವ ಮತ್ತು ಅಕ್ಕ ನಸುಕಿನಲ್ಲಿ ಬೀಸುಕಲ್ಲಿನ ಎದುರುಬದುರು ಕೂತು, ಒಂದೇ ಗೂಟವನ್ನು ಇಬ್ಬರೂ ಹಿಡಿದು, ಜೋಳ ಬೀಸುತ್ತ ಹಾಡುತ್ತಿದ್ದರು. ಕಲ್ಲಿನ ಸದ್ದಿನ ಅಡಿಯಿಂದ ಏಳುತ್ತಿದ್ದ ಅಕ್ಕನ ದಪ್ಪ ದನಿಗೆ ಪಡಸಾಲೆಯಲ್ಲಿ ಮಲಗಿದ ನಮಗೆಲ್ಲ ಎಚ್ಚರವಾಗುತ್ತಿತ್ತು. ಅದೇ ಅಕ್ಕನನ್ನು ಶಾಲೆಯ ಪ್ರಾರ್ಥನೆಯಲ್ಲಿ "ನಿಂದು ಗಣಸರ ದನಿ ಅದ, ಹಿಂದ ನಿಂದ್ರು" ಎಂದು ಕೊನೆಯ ಸಾಲಿಗೆ ಕಳಿಸಿದರು. ಆಮೇಲೆ ಆಕೆ ನಾಲ್ಕು ಜನರೆದುರು ಹಾಡಲೇ ಇಲ್ಲ.

ಮುಂಬಯಿಯ ತಮಿಳು ಕುಟುಂಬವೊಂದರಲ್ಲಿ 1947ರಲ್ಲಿ ಹುಟ್ಟಿದ ಉಷಾ ಅವರಿಗೂ ಶಾಲೆಯಲ್ಲಿ ಇದೇ ಅನುಭವವಾಯಿತು. ಅವರ ದನಿ ಸಂಗೀತದ ತರಗತಿಗೆ ಒಗ್ಗುವುದಿಲ್ಲವೆಂದು ಅವರನ್ನು ಹೊರಗಿಟ್ಟರು. ಆದರೆ ಹುಡುಗಿಯಲ್ಲಿ ಲಯವಿದೆ ಎಂಬುದು ಅಲ್ಲಿನ ಶಿಕ್ಷಕಿಗೆ ತಿಳಿದಿತ್ತು. ಹಾಡಲು ಬಿಡದಿದ್ದರೂ ಬಾರಿಸಲು ತಾಳದ ಸಣ್ಣ ವಾದ್ಯಗಳನ್ನು ಕೊಟ್ಟರು. ಮನೆಯಲ್ಲಿ ರೇಡಿಯೋ ಇತ್ತು, ಹಾಡುವ ಅಕ್ಕಂದಿರಿದ್ದರು. ಸಂಗೀತದ ವಿಧಿವತ್ತಾದ ಶಿಕ್ಷಣವಿಲ್ಲದೆ, ಕೇಳಿ ಕೇಳಿಯೇ ಅವರ ಗಾಯನ ರೂಪುಗೊಂಡಿತು.

ಅವರ ವೃತ್ತಿಜೀವನ ಆರಂಭವಾದದ್ದು 1969ರಲ್ಲಿ, ಮದರಾಸಿನ ಮೌಂಟ್ ರಸ್ತೆಯ ನೈನ್ ಜೆಮ್ಸ್ ಎಂಬ ನೈಟ್‌ಕ್ಲಬ್ಬಿನಲ್ಲಿ. ಕ್ಲಬ್ಬಿನ ಗಾಯಕಿಯೆಂದರೆ ಗೌನ್ ತೊಟ್ಟವಳು ಎಂಬ ಕಲ್ಪನೆ ಗಟ್ಟಿಯಾಗಿದ್ದ ಆ ಕಾಲದಲ್ಲಿ ಅವರು ಸೀರೆಯುಟ್ಟು ಮೈಕಿನ ಮುಂದೆ ನಿಂತು ಇಂಗ್ಲಿಷ್ ಹಾಡುಗಳನ್ನು ಹಾಡಿದರು. ಮುಂದೆ ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್ ಎಂಬ ರೆಸ್ಟೋರೆಂಟು ಅವರನ್ನು ಹೆಸರಾಂತ ಗಾಯಕಿಯನ್ನಾಗಿ ಮಾಡಿತು, ಆ ನಗರವೇ ಅವರ ಊರಾಯಿತು. ಇಂದಿಗೂ ಅವರು ವೇದಿಕೆಗೆ ಬರುವಾಗ ಹಣೆಯ ಮೇಲಿನ ದೊಡ್ಡ ಬೊಟ್ಟನ್ನು ಗಮನಿಸಿ: ಅದರೊಳಗೆ ಕೋಲ್ಕತ್ತದ ಬಂಗಾಳಿ 'ಕ' ಅಕ್ಷರವಿರುತ್ತದೆ. ಕಾಲಿನಲ್ಲಿರುವುದು ಓಡುವವರು ಹಾಕುವಂಥ ಬೂಟು, ಆದರೆ ಅದರ ಮೇಲೆ ಹೊಲಿದಿರುವುದು ಕಾಂಜೀವರಂ ಸೀರೆಯ ಜರಿಯಂಚು. ಕೈತುಂಬ ಬಳೆ, ಮುಡಿಯಲ್ಲಿ ಹೂವು. ಇದನ್ನು ಬರೀ ವೇಷಭೂಷಣವೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಊಟದ ತಟ್ಟೆಗಳ ಸದ್ದಿನ ನಡುವೆ ಹಾಡುವ ಹೆಂಗಸಿಗೆ ಸಮಾಜ ಯಾವ ಸ್ಥಾನ ಕೊಡುತ್ತಿತ್ತು ಎಂಬುದು, ಜಾತ್ರೆಯಲ್ಲಿ ಕಂಪನಿ ನಾಟಕಗಳ ನಟಿಯರನ್ನು ರಾತ್ರಿ ಚಪ್ಪಾಳೆ ತಟ್ಟಿ ನೋಡಿ ಹಗಲು ಹೆಸರಿಟ್ಟು ಆಡಿಕೊಂಡ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಆ ಜಾಗಕ್ಕೆ ಮನೆಯ ಸೀರೆಯಲ್ಲೇ ಹೋಗಿ, ಗಂಡ ಮಕ್ಕಳೊಂದಿಗೆ ಸಂಸಾರ ಮಾಡುತ್ತಲೇ, ಅರ್ಧ ಶತಮಾನ ದುಡಿದದ್ದು ಸಣ್ಣ ಸಾಧನೆಯಲ್ಲ.

ಚಿತ್ರರಂಗದ ವಿಷಯವನ್ನು ಬೇಗ ಮುಗಿಸುತ್ತೇನೆ. 1971ರ 'ಹರೇ ರಾಮ ಹರೇ ಕೃಷ್ಣ'ದಿಂದ ಅವರ ಕಂಠ ಹಿಂದಿ ಚಿತ್ರಗಳಲ್ಲಿ ಕೇಳಿಸತೊಡಗಿತು. ಬಪ್ಪಿ ಲಾಹಿರಿ ಮತ್ತು ಆರ್. ಡಿ. ಬರ್ಮನ್ ಅವರ ಸಂಗೀತದಲ್ಲಿ 80ರ ದಶಕದ ಆರಂಭದಲ್ಲಿ ಹಾಡಿದ ಗೀತೆಗಳು ಮದುವೆ ಮನೆಗಳವರೆಗೂ ತಲುಪಿದವು. ಆದರೂ ಹಿಂದಿ ಚಿತ್ರರಂಗ ಅವರಿಗೆ ನ್ಯಾಯ ಒದಗಿಸಲಿಲ್ಲ ಎಂದೇ ನನ್ನ ಅಭಿಪ್ರಾಯ. ನಾಯಕಿಯ ದನಿ ಎಳೆಯದಾಗಿ, ತಾರಸ್ಥಾಯಿಯಲ್ಲಿರಬೇಕು, ದಪ್ಪ ದನಿಯೇನಿದ್ದರೂ ಕ್ಲಬ್ಬಿನಲ್ಲಿ ಕುಣಿಯುವವಳಿಗೆ ಎಂಬ ಅಲಿಖಿತ ನಿಯಮವನ್ನು ಆ ಉದ್ಯಮ ದಶಕಗಳ ಕಾಲ ಪಾಲಿಸಿತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಕಂಠ ಚಿಕಿತ್ಸೆಯೊಂದರ ಬಳಿಕ ಗಡುಸಾದಾಗ ಹಿಂದೂಸ್ತಾನಿ ಸಂಗೀತ ಅದನ್ನೇ ಗಾಂಭೀರ್ಯವೆಂದು ಎದೆಗಪ್ಪಿಕೊಂಡಿತು. ಅಂಥ ದೊಡ್ಡ ಮನಸ್ಸು ಸಿನಿಮಾಕ್ಕೆ ಇರಲಿಲ್ಲ. '7 ಖೂನ್ ಮಾಫ್' ಚಿತ್ರದ ಗೀತೆಗಾಗಿ ರೇಖಾ ಭಾರದ್ವಾಜ್ ಅವರೊಂದಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬರುವ ಹೊತ್ತಿಗೆ ಉಷಾ ಅವರು ಅರವತ್ತು ದಾಟಿದ್ದರು.

ಅವರ ನಿಜವಾದ ಮನೆ ವೇದಿಕೆ. ಕೀನ್ಯಾದಲ್ಲಿ ಸ್ವಾಹಿಲಿ ಭಾಷೆಯಲ್ಲೇ ಹಾಡಿದ್ದಕ್ಕೆ ಅಧ್ಯಕ್ಷ ಜೋಮೊ ಕೆನ್ಯಾಟ ಗೌರವ ಪೌರತ್ವ ನೀಡಿದರು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅವರು ಹಾಡಿದ್ದಾರೆ. ಹೋದ ಊರಿನ ಜನರೊಂದಿಗೆ ಅವರ ಮಾತಿನಲ್ಲೇ ಎರಡು ನುಡಿ ಆಡಿ, ಕೂತವರನ್ನೂ ಹಾಡಿಸುತ್ತಾರೆ. ನಮ್ಮ ಭಜನೆಯಲ್ಲಿ ಮುಂದಾಳು ಒಂದು ಸಾಲು ಹೇಳಿ, ಸೊಲ್ಲು ಎತ್ತಿಕೊಳ್ಳಲು ಹಿಂದಿನವರತ್ತ ಕೈ ಮಾಡುವುದನ್ನು ನೆನಪಿಸಿಕೊಂಡರೆ ಈ ಬಗೆ ತಕ್ಷಣ ಅರ್ಥವಾಗುತ್ತದೆ.

ಆ ವೇದಿಕೆಯೇ ಕೈತಪ್ಪುವ ಸಂದರ್ಭವೂ ಬಂದಿತ್ತು. 1983ರಲ್ಲಿ ಪಶ್ಚಿಮ ಬಂಗಾಳದ ಲೋಕೋಪಯೋಗಿ ಸಚಿವ ಜತಿನ್ ಚಕ್ರವರ್ತಿ ಉಷಾ ಅವರ ಗಾಯನವನ್ನು 'ಅಪಸಂಸ್ಕೃತಿ' ಎಂದು ಕರೆದು, ಸರ್ಕಾರಿ ಸಭಾಂಗಣಗಳಲ್ಲಿ ಅವರು ಹಾಡದಂತೆ ತಡೆಯಲು ಹೊರಟರು. ನಮ್ಮ ಊರಿನ ಎಸ್. ಎಂ. ಪಂಡಿತ ರಂಗಮಂದಿರದ ಬಾಗಿಲನ್ನು ಒಬ್ಬ ಕಲಾವಿದೆಗೆ, ಆಕೆಯ ಹಾಡು ಅಧಿಕಾರದಲ್ಲಿದ್ದವರಿಗೆ ಒಪ್ಪಿಗೆಯಾಗಲಿಲ್ಲವೆಂಬ ಒಂದೇ ಕಾರಣಕ್ಕೆ ಮುಚ್ಚಿದಂತೆ ಅದು. ಉಷಾ ಅವರು ಊರು ಬಿಡಲಿಲ್ಲ, ಕ್ಷಮೆ ಕೇಳಲಿಲ್ಲ. ನ್ಯಾಯಾಲಯಕ್ಕೆ ಹೋದರು, ಗೆದ್ದರು. ಅವರ ಸಾರ್ವಜನಿಕ ಬದುಕಿನಲ್ಲಿ ನಾನು ಅತ್ಯಂತ ಗೌರವಿಸುವುದು ಈ ಘಟ್ಟವನ್ನು. ತೆರಿಗೆದಾರರ ಹಣದಿಂದ ಕಟ್ಟಿದ ಸಭಾಂಗಣದಲ್ಲಿ ಯಾವ ದನಿ ಕೇಳಬೇಕೆಂಬುದನ್ನು ಮಂತ್ರಿಯೊಬ್ಬರ ಅಭಿರುಚಿ ತೀರ್ಮಾನಿಸಲಾಗದು ಎಂಬುದನ್ನು ಒಬ್ಬ ಪಾಪ್ ಗಾಯಕಿ ಮೊಕದ್ದಮೆ ಹೂಡಿ ತೋರಿಸಿಕೊಟ್ಟರು.

2011ರಲ್ಲಿ ಪದ್ಮಶ್ರೀ, 2024ರಲ್ಲಿ ಪದ್ಮಭೂಷಣ ಬಂದವು. ಅದೇ 2024ರ ಜುಲೈನಲ್ಲಿ ಪತಿ ಜಾನಿ ಉತುಪ್ ತೀರಿಕೊಂಡರು.

ಇನ್ನು ಹತ್ತು ನಿಮಿಷ ನಾವೆಲ್ಲ ಸುಮ್ಮನೆ ಕೂತು 1981ರ 'ಅರ್ಮಾನ್' ಚಿತ್ರದ ಅವರ ಹಾಡನ್ನು, ಅದರ ಬೆನ್ನಿಗೇ ನಮ್ಮ ಹಳ್ಳಿಯ ಬೀಸುವ ಪದವೊಂದನ್ನು ಕೇಳೋಣ. ಈ ಪದ ಹಾಡಿದವರು ನನ್ನ ಅಕ್ಕ. ಹೋದ ತಿಂಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಬಹಳ ಒತ್ತಾಯಕ್ಕೆ, ಮೊಬೈಲಿನಲ್ಲಿ ಹಾಡಿ ಕೊಟ್ಟಿದ್ದಾರೆ. ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.