ಜಮೈಕಾದ ಮನೆಗೆ ಎಷ್ಟು ಪತ್ರಾ ಬೇಕು?

ಕೇಳುಗರೆಲ್ಲರಿಗೂ ಶರಣು.

2025ರ ಅಕ್ಟೋಬರ್ 30. ಎಂಟನೇ ತರಗತಿಗೆ ಹೋಗಿ ಹಾಜರಿ ಪುಸ್ತಕ ತೆರೆದಿದ್ದೆ ಅಷ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಕ್ರಿಸ್ ಗೇಲ್ ಊರಾಗ ಭಾಳ ದೊಡ್ಡ ಗಾಳಿ ಬಂದದಂತಲ್ರೀ. ಅವರ ಮನಿ ಉಳದದೇನ್ರಿ?" ಎಂದು ಕೇಳಿದ. ಚಿನ್ನಸ್ವಾಮಿ ಮೈದಾನದಲ್ಲಿ ಗೇಲ್ 175 ರನ್ ಹೊಡೆದದ್ದು 2013ರಲ್ಲಿ. ಆಗ ಇವನು ಕೈಗೂಸು. ಅವರಪ್ಪ ಮೊಬೈಲಿನಲ್ಲಿ ತೋರಿಸಿ ತೋರಿಸಿ ಆ ಆಟ ಅವನಿಗೆ ಬಾಯಿಪಾಠ ಆಗಿಬಿಟ್ಟಿದೆ.

ಗೇಲ್ ಅವರ ಊರು ಕಿಂಗ್‌ಸ್ಟನ್, ಕೆರಿಬಿಯನ್ ಸಮುದ್ರದ ದ್ವೀಪ ದೇಶ ಜಮೈಕಾದ ಪೂರ್ವಕ್ಕಿದೆ, ಅಲ್ಲಿ ಹೊಡೆತ ಕಡಿಮೆ ಎಂದೆ. ಹುಡುಗ ಸಮಾಧಾನವಾಗಿ ಕುಳಿತ. ನನಗೆ ಸಮಾಧಾನ ಆಗಲಿಲ್ಲ. ಪಡುವಣ ಭಾಗದ ಚಿತ್ರಗಳನ್ನು ನಾನು ನೋಡಿದ್ದೆ.

ಮೆಲಿಸ್ಸಾ ಎಂಬ ಆ ಚಂಡಮಾರುತ ಅಕ್ಟೋಬರ್ 28ರಂದು ಜಮೈಕಾಕ್ಕೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್. ಅದಕ್ಕೂ ಮೊದಲು ಕೆಲವು ದಿನ ಅದು ಬೆಚ್ಚಗಿನ ಸಮುದ್ರದ ಮೇಲೆ ತೆವಳುತ್ತಾ ಇತ್ತು. ಚಂಡಮಾರುತಕ್ಕೆ ಬಿಸಿ ನೀರೇ ಊಟ. ನೀರು ಆವಿಯಾಗಿ ಮೇಲೇರುತ್ತದೆ, ಮೋಡವಾಗುವಾಗ ಶಾಖ ಬಿಡುತ್ತದೆ, ಆ ಶಾಖ ಗಾಳಿಯನ್ನು ಇನ್ನಷ್ಟು ಜೋರಾಗಿ ಸುತ್ತಿಸುತ್ತದೆ. ಹೀಗೆ ಉಂಡು ಬೆಳೆದು ದಡ ಹತ್ತಿತು. ಬ್ಲ್ಯಾಕ್ ರಿವರ್ ಎಂಬ ಕಡಲ ದಂಡೆಯ ಊರಿನಲ್ಲಿ ಚಾವಣಿ ಉಳಿದ ಕಟ್ಟಡ ಹುಡುಕಬೇಕಿತ್ತು.

ಮಕ್ಕಳಿಗೆ ಇದನ್ನು ಹೇಗೆ ಹೇಳುವುದು? ಬೋರ್ಡಿನ ಮೇಲೆ ನಮ್ಮ ಜಿಲ್ಲೆಯ ನಕಾಶೆ ಬರೆದೆ. ಕಲಬುರಗಿ ಜಿಲ್ಲೆ ಸುಮಾರು 11 ಸಾವಿರ ಚದರ ಕಿಲೋಮೀಟರ್. ಇಡೀ ಜಮೈಕಾ ದೇಶವೂ ಅಷ್ಟೇ! ಅಲ್ಲಿ 28 ಲಕ್ಷ ಜನ. 2011ರ ಜನಗಣತಿಯಲ್ಲೇ ನಾವು 25 ಲಕ್ಷ ದಾಟಿದ್ದೆವು. ಜೇವರ್ಗಿ ಕಡೆಯಿಂದ ಗಾಳಿ ನುಗ್ಗಿ ಚಿಂಚೋಳಿ ಕಡೆಯಿಂದ ಹೊರಬಿತ್ತು ಅಂದುಕೊಳ್ಳಿ ಎಂದೆ. ತರಗತಿ ಗಪ್ಪಾಯಿತು.

ಗಪ್ಪಾಗಲು ಇನ್ನೊಂದು ಕಾರಣವಿತ್ತು. ನಮ್ಮ ಶಾಲೆ ಇರುವುದು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಗೆ. ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ ಕೊನೆಗೆ, ಭೀಮಾ ಉಕ್ಕಿ ಬಂದಾಗ ಇದೇ ಕೋಣೆ ಕಾಳಜಿ ಕೇಂದ್ರವಾಗಿತ್ತು. ಈ ಬೆಂಚುಗಳ ಮೇಲೆ ಹಾಸಿಗೆ ಸುರುಳಿಗಳಿದ್ದವು. ಹೊಲದಲ್ಲಿ ತೊಗರಿ ನಿಂತಲ್ಲೇ ಕೊಳೆಯುತ್ತಿತ್ತು.

ಆಗ ನಮಗೆ ಬಂದ ನೆರವನ್ನು ನಾನು ಮರೆಯುವುದಿಲ್ಲ. ಯಾವ್ಯಾವುದೋ ಊರಿನ ಹೆಣ್ಣುಮಕ್ಕಳು ಕಟಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ದರು. ತಿಂಗಳಾದರೂ ಕೆಡದ ರೊಟ್ಟಿ. ಒಲೆ ಬೇಡ, ನೀರು ಬೇಡ. ಕಳಿಸಿದವರಿಗೆ ನೆರೆ ಅಂದರೆ ಏನು ಅಂತ ಗೊತ್ತಿತ್ತು. ಒಬ್ಬರು ದನಗಳಿಗೆ ಒಂದು ಟ್ರ್ಯಾಕ್ಟರ್ ಕಣಕಿ ತಂದರು. ಅದನ್ನು ನೋಡಿ ಮುದುಕರೊಬ್ಬರು ಅತ್ತೇಬಿಟ್ಟರು. ಹಳೇ ಬಟ್ಟೆಯ ಚೀಲಗಳೂ ಬಂದವು. ಗುಂಡಿ ಕಿತ್ತ ಅಂಗಿ, ಹರಿದ ಪ್ಯಾಂಟು, ಜರಿ ಸೀರೆಗಳು. ಅವನ್ನು ಆರಿಸಿ ಇಡುವುದಕ್ಕೇ ನಾಲ್ಕು ಜನ ಬೇಕಾಯಿತು. ಆ ಹೊತ್ತಿಗೆ ನಮಗೆ ಬೇಕಾಗಿದ್ದದ್ದು ಬ್ಯಾಟರಿ, ಸಕ್ಕರೆ ಕಾಯಿಲೆಯ ಗುಳಿಗೆ, ಹುಡುಗಿಯರಿಗೆ ಪ್ಯಾಡು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ "ಏನು ಬೇಕ್ರಿ?" ಎಂದು ಒಂದು ಫೋನ್ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

ಅದಕ್ಕೇ ಮಕ್ಕಳು "ನಾವೂ ಏನರ ಕಳಸೋಣ್ರಿ" ಎಂದಾಗ, ಮೊದಲು ಕೇಳೋಣ ಎಂದೆ. ನನ್ನ ಅಣ್ಣನ ಮಗ ಟೊರೊಂಟೊದಲ್ಲಿದ್ದಾನೆ. ಅವನ ಪಕ್ಕದ ಮನೆಯ ಅಜ್ಜಿ ಜಮೈಕಾದವರು. ಅಲ್ಲಿನ ಜಮೈಕಾ ಜನ ಊರಿಗೆ ದೊಡ್ಡ ಪೀಪಾಯಿಗಳಲ್ಲಿ ಸಾಮಾನು ತುಂಬಿ ಹಡಗಿಗೆ ಹಾಕುವುದು ಮೊದಲಿನಿಂದಲೂ ಉಂಟು. ಅಜ್ಜಿಯೂ ಎರಡು ಪೀಪಾಯಿ ತುಂಬುತ್ತಿದ್ದರಂತೆ. ಏನು ಬೇಕು ಎಂದು ಕೇಳಿಸಿದೆ. ಚಾವಣಿಗೆ ಹೊದಿಸುವ ತಗಡಿನ ಪತ್ರಾ, ತಾಡಪತ್ರಿ, ಶುದ್ಧ ನೀರು ಎಂದರು. ದೂರದವರು ದುಡ್ಡೇ ಕಳಿಸಿದರೆ ಸಾಕು, ಸಾಮಾನು ಅಲ್ಲೇ ಹತ್ತಿರ ಕೊಳ್ಳಬಹುದು ಎಂದೂ ಹೇಳಿದರು.

ಮಕ್ಕಳಿಗೆ ಇದು ಸೇರಲಿಲ್ಲ. ಅವರಿಗೆ ತೊಗರಿ ಬ್ಯಾಳಿ ಕಳಿಸುವ ಆಸೆ. ಯಾಕೆಂದರೆ ನಾನೇ ಒಂದು ವಿಷಯ ಹೇಳಿದ್ದೆ. ಜಮೈಕಾದವರೂ ತೊಗರಿ ತಿನ್ನುತ್ತಾರೆ! ಗಂಗು ಪೀಸ್ ಅನ್ನುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಹಸಿ ಕಾಳು ಬರುತ್ತದೆ, ತೆಂಗಿನ ಹಾಲು ಹಾಕಿ ಅನ್ನದ ಜೊತೆ ಬೇಯಿಸುತ್ತಾರೆ. ತೊಗರಿ ಹುಟ್ಟಿದ್ದು ನಮ್ಮ ನೆಲದಲ್ಲಿ. ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗುಗಳ ಕಾಲದಲ್ಲಿ ಆ ದ್ವೀಪಗಳನ್ನು ಮುಟ್ಟಿತು. 1845ರಿಂದ ನಮ್ಮ ದೇಶದ ಕೂಲಿಗಳನ್ನೂ ಕಬ್ಬಿನ ತೋಟದ ದುಡಿಮೆಗೆ ಅಲ್ಲಿಗೆ ಒಯ್ದರು. ಬ್ಲ್ಯಾಕ್ ರಿವರ್ ಇರುವ ಸೇಂಟ್ ಎಲಿಜಬೆತ್ ಪ್ರಾಂತ್ಯ ಜಮೈಕಾಕ್ಕೆ ಅನ್ನ ಹಾಕುವ ನೆಲ. ನಮಗೆ ತೊಗರಿ ಕಣಜ ಅನ್ನುತ್ತಾರಲ್ಲ, ಹಾಗೆ. ಅವರ ಬೆಳೆಯೂ ಹೋಯಿತು, ನಮ್ಮದೂ ಹೋಗಿತ್ತು.

ಒಂದು ಕಿಲೋ ಬ್ಯಾಳಿ ವಿಮಾನದಲ್ಲಿ ಹೋಗಲು ಬ್ಯಾಳಿಗಿಂತ ಜಾಸ್ತಿ ಖರ್ಚಾಗುತ್ತದೆ ಎಂದು ಲೆಕ್ಕ ಮಾಡಿಸಿದೆ. ಆಮೇಲೆ ಒಪ್ಪಿದರು. ಹತ್ತು, ಐದು, ಎರಡು ರೂಪಾಯಿ. ಕೊಡಲಾಗದವರನ್ನು ಯಾರೂ ಕೇಳಬಾರದು ಎಂದು ಮೊದಲೇ ಹೇಳಿದ್ದೆ. 1,140 ರೂಪಾಯಿ ಆಯಿತು. ಶಿಕ್ಷಕರು ಸೇರಿಸಿದೆವು. ದುಡ್ಡನ್ನು ಇಲ್ಲೇ ಅತ್ತಿಗೆಯ ಕೈಗೆ ಕೊಟ್ಟೆವು. ಅಷ್ಟನ್ನೇ ಅವರ ಮಗ ಅಲ್ಲಿಂದ ಜಮೈಕಾ ಸರ್ಕಾರದ ಪರಿಹಾರ ನಿಧಿಗೆ ಕಟ್ಟಿದ. ಇಂಥ ಹೊತ್ತಿನಲ್ಲಿ ಸುಳ್ಳು ಹೆಸರಿನಲ್ಲಿ ದುಡ್ಡು ಎತ್ತುವವರೂ ಇರುತ್ತಾರೆ. ಹಾಗಾಗಿ ವಿಳಾಸವನ್ನು ಎರಡು ಸಲ ನೋಡಿ ಕಟ್ಟು ಎಂದಿದ್ದೆ. ರಸೀದಿಯನ್ನು ತರಗತಿಯ ಗೋಡೆಗೆ ಅಂಟಿಸಿದ್ದೇವೆ.

ಈಗ ಉಳಿದಷ್ಟು ತೊಗರಿಯ ರಾಶಿ ನಡೆದಿದೆ. ಮೊನ್ನೆ ಟೊರೊಂಟೊದಿಂದ ಫೋನ್ ಬಂತು. ಆ ಅಜ್ಜಿಯ ತಂಗಿಯ ಮನೆಗೆ ಪತ್ರಾ ಬಂದು ಇಳಿದಿವೆಯಂತೆ, ಹೊದಿಸುವುದು ಬಾಕಿ. ತರಗತಿಯಲ್ಲಿ ಹೇಳಿದೆ. ಅದೇ ಹುಡುಗ ಎದ್ದು ನಿಂತ. ನೆರೆಯಲ್ಲಿ ಅವನ ಮನೆಯ ಹಿಂದಿನ ಗೋಡೆ ಬಿದ್ದು, ಈಗಷ್ಟೇ ಮತ್ತೆ ಕಟ್ಟಿ ಮೇಲೆ ಹೊದಿಸಿದ್ದಾರೆ.

"ಎಷ್ಟು ಪತ್ರಾ ಬಂದಾವಂತ್ರಿ ಮೇಡಂ?" ಎಂದ. "ನಮ್ಮ ಮನಿಗಿ ಹದಿನಾಲ್ಕು ಹತ್ಯಾವ್ರಿ."