ಬರ್ಗಂಡಿಯಲ್ಲಿ ವೈನ್ ಬಿಟ್ಟು ಬೇರೇನಿದೆ?

ಫ್ರಾನ್ಸಿನ ಬರ್ಗಂಡಿ ಸೀಮೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ವೈನ್. ಈಗ ವಿಡಿಯೋದಲ್ಲಿ ಕಾಣುತ್ತಿರುವುದು ಬೋನ್ ಊರಿನ ಹಳೇ ಆಸ್ಪತ್ರೆ. 1443ರಲ್ಲಿ ಬರ್ಗಂಡಿ ಆಳುತ್ತಿದ್ದ ಡ್ಯೂಕನ ಮಂತ್ರಿ ನಿಕೊಲಾ ರೋಲಾಂ ಬಡವರಿಗಾಗಿ ಶುರು ಮಾಡಿದ್ದು. ಬಣ್ಣದ ಹೆಂಚು ಚೆನ್ನಾಗಿದೆ, ಅಲ್ವಾ? ಇದರ ವಿಡಿಯೋ ಬೇಕಾದಷ್ಟಿವೆ. ನಾವು ಇಲ್ಲಿನ ಹಳ್ಳಿ ಜನರನ್ನೂ ಅವರ ಮಾತನ್ನೂ ಹುಡುಕಿ ಮುಂದೆ ಹೋಗೋಣ.

ಈ ಸೀಮೆಗೆ ಹೆಸರು ಕೊಟ್ಟ ಬರ್ಗಂಡಿಯನ್ನರು ಜರ್ಮನಿಕ್ ಜನ. 5ನೇ ಶತಮಾನದಲ್ಲಿ ರೈನ್ ನದಿಯ ಕಡೆ ಹೂಣರಿಂದ ಪೆಟ್ಟು ತಿಂದು, ಜಿನೀವಾ ಸರೋವರದ ಸುತ್ತ ನೆಲೆಸಿ, ಆಮೇಲೆ ಇತ್ತ ಹರಡಿದರು. 534ರಲ್ಲಿ ಫ್ರಾಂಕರು ಎಂಬ ಇನ್ನೊಂದು ಜರ್ಮನಿಕ್ ಜನ ಅವರ ರಾಜ್ಯವನ್ನೇ ನುಂಗಿಬಿಟ್ಟರು. ಅವರ ಭಾಷೆಯೂ ಹೋಯಿತು. ಇವತ್ತು ಬರ್ಗಂಡಿಯ ಹಳ್ಳಿಗಳಲ್ಲಿ ಉಳಿದಿರುವ ಮಾತು ಲ್ಯಾಟಿನ್ ಮೂಲದ್ದು, ಫ್ರೆಂಚಿನ ಒಡಹುಟ್ಟಿದ್ದು.

ಅದನ್ನು ಕೇಳಬೇಕಾದರೆ ದ್ರಾಕ್ಷಿ ತೋಟ ಬಿಟ್ಟು ಮೊರ್ವಾಂ ಬೆಟ್ಟ ಹತ್ತಬೇಕು. ಕಾಡು, ಕಲ್ಲು, ಬಡ ಹೊಲ. ಮೊರ್ವಾಂನಿಂದ ಒಳ್ಳೇ ಗಾಳಿಯೂ ಬರುವುದಿಲ್ಲ, ಒಳ್ಳೇ ಜನರೂ ಬರುವುದಿಲ್ಲ ಅಂತ ಸುತ್ತಲಿನವರು ಗಾದೆ ಬೇರೆ ಕಟ್ಟಿದ್ದಾರೆ! ಆದರೆ ಪ್ಯಾರಿಸ್ ಚಳಿ ಕಾಯಿಸಿಕೊಂಡಿದ್ದು ಇದೇ ಬೆಟ್ಟದ ಸೌದೆಯಿಂದ. 16ನೇ ಶತಮಾನದಿಂದ 300 ವರ್ಷಕ್ಕೂ ಜಾಸ್ತಿ ಕಾಲ ಇಲ್ಲಿನ ಗಂಡಸರು ದಿಮ್ಮಿಗಳನ್ನು ಹೊಳೆಗೆ ಬಿಟ್ಟು, ಕ್ಲಾಮ್ಸಿ ಎಂಬ ಊರಲ್ಲಿ ತೆಪ್ಪ ಕಟ್ಟಿ, ರಾಜಧಾನಿಗೆ ಸಾಗಿಸಿದರು.

ಹೆಂಗಸರ ಕಥೆ ಇನ್ನೂ ಕಷ್ಟದ್ದು. 19ನೇ ಶತಮಾನದಲ್ಲಿ ಹೆತ್ತ ಕೂಸನ್ನು ಊರಲ್ಲೇ ಬಿಟ್ಟು, ಪ್ಯಾರಿಸ್ಸಿನ ಸಾಹುಕಾರರ ಮಕ್ಕಳಿಗೆ ಎದೆಹಾಲು ಕೊಡಲು ಹೋಗುತ್ತಿದ್ದರು. ಆ ದುಡ್ಡಲ್ಲಿ ಕಟ್ಟಿದ ಮನೆಗಳಿಗೆ ಇಲ್ಲಿ 'ಹಾಲಿನ ಮನೆ' ಅನ್ನುತ್ತಾರೆ. ಅಲಿನಿ ಎಂಬ ಊರಲ್ಲಿ ಈ ತಾಯಂದಿರಿಗಾಗಿ ಮ್ಯೂಸಿಯಂ ಇದೆ. ನನಗಂತೂ ಡ್ಯೂಕರ ಅರಮನೆಗಿಂತ ಇದೇ ದೊಡ್ಡದು ಅನ್ನಿಸಿತು.

ಇನ್ನು ಇಲ್ಲಿನ ಮಾತಿಗೆ ಬರೋಣ. ಪ್ಯಾರಿಸ್‌ನವರ 'ರ' ಗಂಟಲಲ್ಲಿ ಹುಟ್ಟುತ್ತದೆ. ಇಲ್ಲಿನ ಹಿರಿಯರ 'ರ' ನಾಲಿಗೆ ತುದಿಯಲ್ಲಿ ಉರುಳುತ್ತದೆ, ನಮ್ಮದರ ಹಾಗೇ. ಬರ್ಗಂಡಿಯಲ್ಲೇ ಹುಟ್ಟಿದ ಲೇಖಕಿ ಕೊಲೆಟ್ ಪ್ಯಾರಿಸ್ಸಿನಲ್ಲಿ ಬಾಳಿದರೂ ಈ 'ರ' ಬಿಡಲಿಲ್ಲ. ಮನೆಮಾತು ಆಡಿದ್ದಕ್ಕೆ ಶಾಲೆಯಲ್ಲಿ ಬೈಸಿಕೊಂಡ ಮಕ್ಕಳು ಮಾತ್ರ ಮೆಲ್ಲಗೆ ಅದನ್ನೇ ಬಿಟ್ಟರು.

ಆನೋ ಎಂಬ ಹಳ್ಳಿಯಲ್ಲಿ ಹಿರಿಯರ ಹಾಡು, ಕಥೆ, ಮಾತನ್ನು ರೆಕಾರ್ಡ್ ಮಾಡಿ ಕಾಪಾಡುವ ಒಂದು ಕೇಂದ್ರವಿದೆ. ಆಗಸ್ಟ್‌ನಲ್ಲಿ ಬಂದರೆ ವಿಯೆಲ್ ಹಬ್ಬ ಸಿಗುತ್ತದೆ. ಹಿಡಿ ತಿರುಗಿಸಿ ನುಡಿಸುವ ತಂತಿವಾದ್ಯ ಅದು. ಜನ ಸುಮ್ನೆ ನಿಂತು ಕೇಳುವುದಿಲ್ಲ, ಕುಣಿಯುತ್ತಾರೆ. ಹಸಿವಾದರೆ ಕ್ರಾಪಿಯೊ ಅನ್ನೋ ದಪ್ಪ ದೋಸೆ ಕೇಳಿ. ಸಸ್ಯಾಹಾರಿಗಳು ಮಾತ್ರ ವಿಚಾರಿಸಿ ತಿನ್ನಿ, ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ.